ಯೂರಿಕ್ ಆಮ್ಲದ ಅಂಕಿಯೂ ಅನುಮಾನ ಪ್ರಮಾಣವೂ

ರಕ್ತಪರೀಕ್ಷೆಯ ವರದಿಯಲ್ಲಿ ಯೂರಿಕ್ ಆಮ್ಲದ ಎದುರು 8.1 ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದ್ದರೆ, ಕೀಲುನೋವನ್ನೇ ಅರಿಯದ ವ್ಯಕ್ತಿಯನ್ನೂ ರೋಗಿಯೆಂದು ಕರೆಯಬಹುದೇ ಎಂಬ ಪ್ರಶ್ನೆ ವೈದ್ಯಶಾಸ್ತ್ರಕ್ಕೆ ಮಾತ್ರ ಸೇರಿದ್ದಲ್ಲ. ಯಾವ ಅರಿವನ್ನು ಯಾವ ಆಧಾರದ ಮೇಲೆ ನಂಬಬೇಕೆಂದು ವಿಚಾರಿಸುವ ಪ್ರಮಾಣಶಾಸ್ತ್ರಕ್ಕೂ ಅದು ಸೇರಿದ್ದು.

ಆ ಅಂಕಿಯೇ ನೇರವಾಗಿ ಕಂಡದ್ದಲ್ಲ. ಜೀವಕೋಶಗಳಲ್ಲಿಯೂ ಆಹಾರದಲ್ಲಿಯೂ ಇರುವ ಪ್ಯೂರಿನ್ ಎಂಬ ವಸ್ತು ಒಡೆದಾಗ ಹುಟ್ಟುವ ಈ ಆಮ್ಲವನ್ನು ಅಳೆಯಲು, ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡಿಸಿದ ತಿಳಿಹಳದಿ ಸೀರಮ್‌ಗೆ ಯೂರಿಕೇಸ್ ಎಂಬ ಕಿಣ್ವವನ್ನು ಸೇರಿಸುತ್ತಾರೆ; ಅದು ಆಮ್ಲವನ್ನು ಅಲಂಟಾಯಿನ್ ಆಗಿ ಮಾರ್ಪಡಿಸುವಾಗ ಹೊಮ್ಮುವ ಹೈಡ್ರೋಜನ್ ಪೆರಾಕ್ಸೈಡ್ ಮತ್ತೊಂದು ರಾಸಾಯನಿಕಕ್ಕೆ ಬಣ್ಣ ಬರಿಸುತ್ತದೆ, ಬಣ್ಣದ ಗಾಢತೆಯಿಂದ ಯಂತ್ರವು ಪ್ರಮಾಣವನ್ನು ಲೆಕ್ಕ ಹಾಕುತ್ತದೆ. ಭಾರತೀಯ ತರ್ಕಶಾಸ್ತ್ರವಾದ ನ್ಯಾಯದರ್ಶನದ ಪರಿಭಾಷೆಯಲ್ಲಿ ಬಣ್ಣವು ಹೇತು, ಎಂದರೆ ಕಂಡ ಗುರುತು, ಆಮ್ಲವು ಸಾಧ್ಯ, ಎಂದರೆ ಆ ಗುರುತಿನಿಂದ ತಿಳಿಯಬೇಕಾದದ್ದು. ಇಷ್ಟರಮಟ್ಟಿಗೆ ಅನುಮಾನ, ಎಂದರೆ ಗುರುತಿನಿಂದ ಮಾಡುವ ಊಹೆ, ಗಟ್ಟಿಯಾಗಿಯೇ ಇದೆ.

ಆಮ್ಲ ಹೆಚ್ಚಿದೆ, ಆದ್ದರಿಂದ ಗೌಟ್ ಎಂಬ ಕೀಲುರೋಗ ಇದೆ ಎಂಬ ಎರಡನೆಯ ಅನುಮಾನವೇ ತೊಡಕಿನದು. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು, ಆದರೆ ಬೆಂಕಿಯಿಂದ ಹೊಗೆಯನ್ನು ಊಹಿಸಲಾಗದು, ಏಕೆಂದರೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿರುವುದಿಲ್ಲ. ಹೊಗೆಗೆ ಹಸಿ ಕಟ್ಟಿಗೆಯ ಸಂಪರ್ಕವೂ ಬೇಕು ಎಂದು ವಿವೇಚಿಸಿದ ನೈಯಾಯಿಕರು, ಹೀಗೆ ಮರೆಯಲ್ಲಿ ನಿಂತ ಷರತ್ತನ್ನು ಉಪಾಧಿ ಎಂದು ಕರೆದರು. ಗೌಟಿನಲ್ಲಿ ಆ ಉಪಾಧಿ ಕೀಲಿನಲ್ಲಿ ಹರಳು ಕಟ್ಟುವುದು ಮತ್ತು ಅದಕ್ಕೆ ದೇಹ ಉರಿಯೂತದಿಂದ ಪ್ರತಿಕ್ರಿಯಿಸುವುದು. ಡೆಸಿಲೀಟರಿಗೆ ಸುಮಾರು 6.8 ಮಿಲಿಗ್ರಾಂ ದಾಟಿದರೆ ಹರಳು ಕಟ್ಟಬಹುದು, ಕಟ್ಟಲೇಬೇಕೆಂದಿಲ್ಲ; ಮಿತಿ ಮೀರಿದ ಬಹುಮಂದಿಗೆ ಗೌಟ್ ಬರುವುದೇ ಇಲ್ಲ. ವಿಚಿತ್ರವೆಂದರೆ, ಕಾಲಿನ ಹೆಬ್ಬೆರಳಿನ ಬುಡ ಕೆಂಪೇರಿ ಊದಿಕೊಂಡು, ಹೊದಿಕೆಯ ಸ್ಪರ್ಶವನ್ನೂ ತಾಳಲಾಗದ ತೀವ್ರ ನೋವಿನ ಹೊತ್ತಿನಲ್ಲಿಯೇ ರಕ್ತದ ಅಂಕಿ ಸಹಜ ಮಿತಿಯೊಳಗೆ ಇರುವುದೂ ಉಂಟು.

ಗೌಟ್ ರೋಗಿಗಳ ರಕ್ತದಲ್ಲಿ ಈ ಆಮ್ಲ ಹೆಚ್ಚಿರುವುದನ್ನು ವೈದ್ಯ ಆಲ್ಫ್ರೆಡ್ ಗ್ಯಾರಡ್ 1848ರಲ್ಲಿ ತೋರಿಸಿದ್ದರೂ, ಪ್ರತ್ಯಕ್ಷಕ್ಕೆ ಹತ್ತಿರವಾದ ಸಾಕ್ಷ್ಯ ದೊರೆತದ್ದು 1961ರಲ್ಲಿ, ವೈದ್ಯರಾದ ಮೆಕಾರ್ಟಿ ಮತ್ತು ಹಾಲಂಡರ್ ಕೀಲಿನ ದ್ರವದಲ್ಲಿ ಈ ಆಮ್ಲದ ಲವಣವಾದ ಯೂರೇಟಿನ ಹರಳುಗಳನ್ನು ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಿಂದ ಗುರುತಿಸಿದಾಗ. ಹೀಗಿರುವಾಗ ತಪ್ಪು ಪ್ರಯೋಗಾಲಯದ್ದಲ್ಲ, ಅಂಕಿಯನ್ನೇ ತೀರ್ಪೆಂದು ಓದುವ ಆತುರದ್ದು. ಲಕ್ಷಣಗಳಿಲ್ಲದೆ ಅಂಕಿ ಮಾತ್ರ ಏರಿದವರಿಗೆ ಆಮ್ಲ ತಗ್ಗಿಸುವ ಔಷಧವನ್ನು ಸಾಮಾನ್ಯವಾಗಿ ಆರಂಭಿಸಬೇಕಿಲ್ಲವೆಂದು ಅಮೆರಿಕನ್ ಕಾಲೇಜ್ ಆಫ್ ರೂಮಟಾಲಜಿಯ 2020ರ ಮಾರ್ಗಸೂಚಿಯೂ ಹೇಳಿದೆ.