ದೀಪ ಹೇಳಿದ್ದು, ನಾನು ಹೇಳಿದ್ದು

ಹ್ಯಾಂಬರ್ಗ್ ನಗರದಲ್ಲಿ ನಾನು ಕೆಲವು ತಿಂಗಳು ತಂಗಿದ್ದ ಮನೆಯ ಒಡತಿ ಎಂಬತ್ತು ದಾಟಿದ ವೃದ್ಧೆ. ಹಳೆಯ ಜರ್ಮನ್ ಸೇನಾಪದಕಗಳನ್ನು ಪರೀಕ್ಷಿಸುವ ಗೀಳು ನನಗುಂಟೆಂದು ತಿಳಿದು, ಒಂದು ಸಂಜೆ ಅವರು ತಮ್ಮ ಅಜ್ಜನ ಪದಕಪಟ್ಟಿಯನ್ನು ತಂದು ಮೇಜಿನ ಮೇಲಿಟ್ಟರು. ತಗಡಿನ ಪಟ್ಟಿಗೆ ಬಟ್ಟೆ ಹೊದಿಸಿ, ಬಣ್ಣದ ರಿಬ್ಬನ್ನುಗಳನ್ನು ಮಡಿಸಿ ಹೊಲಿದು, ಪದಕಗಳನ್ನು ಸಾಲಾಗಿ ಇಳಿಬಿಟ್ಟಿದ್ದರು. ಮೊದಲು 1914ರ ಕಬ್ಬಿಣದ ಶಿಲುಬೆ. ಅದರ ಪಕ್ಕಕ್ಕೆ ಹ್ಯಾಂಬರ್ಗಿನ ಕೆಂಪು ಶಿಲುಬೆ. ಕೊನೆಗೆ 1934ರಲ್ಲಿ ಸ್ಥಾಪಿತವಾದ ಗೌರವ ಶಿಲುಬೆ. ಅದರಲ್ಲಿ ಕತ್ತಿಗಳ ಗುರುತಿತ್ತು. ಎಂದರೆ ರಣರಂಗದಲ್ಲಿ ಕಾದಿದವನಿಗೆ ಸಂದದ್ದು.

ನಾನು ನನ್ನ ವಿದ್ಯೆಯನ್ನು ತೋರಿಸಲು ತೊಡಗಿದೆ. ಅಯಸ್ಕಾಂತ ಹಿಡಿದೆ, ಕಬ್ಬಿಣದ ಒಡಲು ಅದಕ್ಕೆ ಒಲಿಯಿತು. ಭೂತಗನ್ನಡಿಯಲ್ಲಿ ನೋಡಿದೆ, ಚೌಕಟ್ಟಿನ ಬೆಸುಗೆ ಸರಿಯಾಗಿಯೇ ಇತ್ತು. ಕೊನೆಗೆ ಕೋಣೆಯನ್ನು ಕತ್ತಲೆ ಮಾಡಿ ನೇರಳಾತೀತ ಕಿರಣದ ಪುಟ್ಟ ದೀಪವನ್ನು ಹಿಡಿದೆ. ಹೊಲಿಗೆಯ ದಾರ ನೀಲಿಬಿಳುಪಾಗಿ ಹೊಳೆಯಿತು. ನೂಲಿಗೆ ಹೆಚ್ಚು ಬಿಳುಪು ಕೊಡುವ, ಈ ಕಿರಣಕ್ಕೆ ಹೊಳೆಯುವ ರಾಸಾಯನಿಕ ವ್ಯಾಪಕವಾಗಿ ಬಳಕೆಗೆ ಬಂದದ್ದು ಎರಡನೆಯ ಮಹಾಯುದ್ಧದ ತರುವಾಯ.

“ಇದು ಆ ಕಾಲದ್ದಲ್ಲ” ಎಂದುಬಿಟ್ಟೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ನುಸಿ ತಿಂದಿತ್ತು. ನಮ್ಮ ತಾಯಿ ಬಿಚ್ಚಿ ಮತ್ತೆ ಹೊಲಿದರು. ಸೂಜಿಗೆ ದಾರ ಪೋಣಿಸಿಕೊಟ್ಟವಳು ನಾನೇ” ಎಂದರು.

ನನ್ನ ದೀಪವೇನೂ ಸುಳ್ಳಾಡಿರಲಿಲ್ಲ. ದಾರ ಹೊಸದು ಎಂದಷ್ಟೇ ಅದು ಹೇಳಿತ್ತು. ಪಟ್ಟಿಯೇ ಖೋಟಾ ಎಂದು ಸೇರಿಸಿದವನು ನಾನು.

ಇದಕ್ಕೆ ತಿರುಗುಮುರುಗಾದದ್ದೂ ಉಂಟು. ಮೊದಲ ಮಹಾಯುದ್ಧದಲ್ಲಿ ಎರಡನೆಯ ದರ್ಜೆಯ ಕಬ್ಬಿಣದ ಶಿಲುಬೆಯೊಂದನ್ನೇ ಸುಮಾರು 50 ಲಕ್ಷ ಮಂದಿಗೆ ಕೊಟ್ಟರು. ಬಿಡಿ ಪದಕಗಳಿಗೆ ಬರವಿಲ್ಲ. ಜಾಣ ವ್ಯಾಪಾರಿ ನಾಲ್ಕನ್ನು ಕೂಡಿಸಿ, ಹಳೆಯ ರಿಬ್ಬನ್ನು ಹಳೆಯ ದಾರ ಹುಡುಕಿ ತಂದು ಒಂದು ಪಟ್ಟಿಯನ್ನು ಹೊಲಿದುಬಿಡುತ್ತಾನೆ. ದೀಪಕ್ಕೆ ಏನೂ ಹೊಳೆಯುವುದಿಲ್ಲ. ಒಂದೊಂದು ಪದಕವೂ ಸಾಚಾ. ಆದರೆ ಅವೆಲ್ಲವನ್ನೂ ಎದೆಯ ಮೇಲೆ ಧರಿಸಿದ ಸೈನಿಕ ಹುಟ್ಟಿಯೇ ಇರಲಿಲ್ಲ. ನಾವೂ ಜಗಳದಲ್ಲಿ ಹೀಗೆಯೇ ಅಲ್ಲವೆ, ನಿಜವಾದ ಸಂಗತಿಗಳನ್ನೇ ಆಯ್ದು ಪೋಣಿಸಿ ಸುಳ್ಳನ್ನು ಕಟ್ಟುವುದು?

ಸಂಗ್ರಾಹಕರಲ್ಲಿ ಒಂದು ಮಾತುಂಟು: ಕಥೆಯನ್ನು ಕೊಳ್ಳಬೇಡ, ವಸ್ತುವನ್ನು ಕೊಳ್ಳು. ಹಣ ಕೊಡುವವನಿಗೆ ಇದು ಒಳ್ಳೆಯ ಬುದ್ಧಿಮಾತೇ. ‘ನಮ್ಮ ಅಜ್ಜನದು’ ಎಂದು ಯಾರು ಬೇಕಾದರೂ ಹೇಳಬಹುದು. ಆದರೆ ಆ ಸಂಜೆ ನಾನು ಏನನ್ನೂ ಕೊಳ್ಳಲು ಕುಳಿತಿರಲಿಲ್ಲ. ಸಂತೆಯಲ್ಲಿ ಸಲ್ಲುವ ಸಂಶಯವನ್ನು ಮನೆಯೊಳಕ್ಕೆ ತಂದಿದ್ದೆ. ರುಜುವಾತಾಗದ್ದು ಬೇರೆ, ಸುಳ್ಳೆಂದು ತೀರಿದ್ದು ಬೇರೆ. ‘ದಾರ ಹೊಸದಾಗಿ ಕಾಣುತ್ತದೆ, ಏಕೆ?’ ಎಂದು ಕೇಳಿದ್ದರೆ ಸಾಕಾಗಿತ್ತು. ಬಲ್ಲವನೆನಿಸಿಕೊಳ್ಳುವ ಆತುರಕ್ಕೆ ಪ್ರಶ್ನೆ ಕೇಳುವ ತಾಳ್ಮೆ ಇರುವುದಿಲ್ಲ.

ಅಂದು ರಾತ್ರಿ ನನಗೆ ಆ ಸಾಲಿನ ಕೊನೆಯ ಶಿಲುಬೆ ನೆನಪಾಯಿತು. ಅರ್ಜಿ ಹಾಕಿದ ಹಳೆಯ ಸೈನಿಕರಿಗೆಲ್ಲ ಅದನ್ನು ಕೊಟ್ಟರು, ಯೆಹೂದ್ಯರಿಗೂ ಕೊಟ್ಟರು. 1934ರ ಆಗಸ್ಟಿನಲ್ಲಿ ಹಿಂಡೆನ್‌ಬರ್ಗ್ ತೀರಿಕೊಂಡ ಮೇಲೆ ಅದರ ಸನ್ನದು ಹೊರಟದ್ದು ಹಿಟ್ಲರನ ಹೆಸರಿನಲ್ಲಿ. 1935ರ ಸೆಪ್ಟೆಂಬರಿನಲ್ಲಿ ನ್ಯೂರೆಂಬರ್ಗಿನ ಕಾಯಿದೆಗಳು ಬಂದು ಯೆಹೂದ್ಯರ ಪೌರತ್ವವನ್ನು ಕಿತ್ತುಕೊಂಡವು. ಪದಕ ಪಡೆದಿದ್ದೇವೆಂಬ ಧೈರ್ಯ ಅವರನ್ನು ಕಾಯಲಿಲ್ಲ. ಅಂಥವರ ಶಿಲುಬೆಯನ್ನು ಇಂದು ಯಾವ ಪರೀಕ್ಷೆಗೆ ಬೇಕಾದರೂ ಒಡ್ಡಿ. ಲೋಹ ಅಸಲು, ಹೊಲಿಗೆ ಅಸಲು, ದಾರ ಆ ಕಾಲದ್ದೇ. ಖೋಟಾ ಆಗಿದ್ದುದು ಕೊಟ್ಟವನ ಕೃತಜ್ಞತೆ.

ಇಷ್ಟಾಗಿಯೂ ನಾನು ಪರೀಕ್ಷೆಯನ್ನು ಹಳಿಯುತ್ತಿಲ್ಲ. ಮೋಸಗಾರನ ಕೈಯಿಂದ ನಾಲ್ಕು ಜನರನ್ನು ಅದು ಉಳಿಸಿದರೂ ಸಾರ್ಥಕವೇ. ಆದರೆ ವಸ್ತುವಿನ ವಯಸ್ಸು ಬೇರೆ, ಅದು ಹೇಳುವ ಮಾತಿನ ನಿಜ ಬೇರೆ. ಮೊದಲನೆಯದನ್ನು ಅಳೆಯುವ ಉಪಕರಣದಿಂದ ಎರಡನೆಯದಕ್ಕೂ ತೀರ್ಪು ಕೊಡಹೊರಟಿದ್ದೆ.

ಮರುದಿನ ಬೆಳಗ್ಗೆ ಕ್ಷಮೆ ಕೇಳಿದೆ. ಅವರು ನಕ್ಕು, ಪಟ್ಟಿಯನ್ನು ಮತ್ತೆ ತಂದು, ರಿಬ್ಬನ್ನಿನ ಮೂಲೆಯಲ್ಲಿ ಸೊಟ್ಟಗಾಗಿದ್ದ ಒಂದು ಹೊಲಿಗೆಯನ್ನು ಬೆರಳಿಟ್ಟು ತೋರಿಸಿದರು. ಅಷ್ಟನ್ನು ಮಾತ್ರ ತಾಯಿ ಅವರ ಕೈಯಲ್ಲಿ ಹಾಕಿಸಿದ್ದರಂತೆ.