ವ್ರತಗ್ರಹಣವೂ ವ್ರತಪಾಲನೆಯೂ

ಕಥೆಯೊಂದು ಜನಾದರಣೆಯನ್ನು ಪಡೆದೊಡನೆ ಅದಕ್ಕೆ ಉತ್ತರಭಾಗವು ಹುಟ್ಟುವುದು ವಾಡಿಕೆಯಷ್ಟೆ. ಆದರೆ ಹಿಂದಿನ ಸಾಹಸಗಳನ್ನೇ ಇಮ್ಮಡಿಯಾಗಿ ತೋರಿಸಿದರೆ ಕಣ್ಣಿಗೆ ಹಬ್ಬವಾದೀತೇ ಹೊರತು ಬುದ್ಧಿಗೆ ಏನೂ ದೊರೆಯದು. ಉತ್ತರಭಾಗವು ಯಾವಾಗ ಸಾರ್ಥಕವಾಗುವುದೆಂಬುದಕ್ಕೆ ಅಮೆರಿಕಾ ದೇಶದ ಸ್ಯಾಮ್ ರೇಮಿಯು ನಿರ್ದೇಶಿಸಿದ ‘ಸ್ಪೈಡರ್-ಮ್ಯಾನ್’ (2002) ಮತ್ತು ‘ಸ್ಪೈಡರ್-ಮ್ಯಾನ್ 2’ (2004) ಎಂಬ ಚಲಚ್ಚಿತ್ರಗಳು ಒಳ್ಳೆಯ ನಿದರ್ಶನಗಳಾಗಿವೆ.

ಮೊದಲನೆಯದರಲ್ಲಿ ನ್ಯೂಯಾರ್ಕ್ ನಗರದ ಬಡ ವಿದ್ಯಾರ್ಥಿಯಾದ ಪೀಟರ್ ಪಾರ್ಕರನಿಗೆ ಜೇಡವೊಂದರ ಕಡಿತದಿಂದ ಅಮಾನುಷವಾದ ಬಲವು ಪ್ರಾಪ್ತವಾಗುತ್ತದೆ. ಅವನು ಆ ಬಲದಿಂದ ಹಣ ಗಳಿಸಲೆಂದು ಕುಸ್ತಿಗಿಳಿಯುತ್ತಾನೆ. ಪಂದ್ಯವನ್ನು ನಡೆಸಿದವನು ಹಣದಲ್ಲಿ ಮೋಸಮಾಡಲು, ಆ ಸಿಟ್ಟಿನಿಂದ, ಅವನನ್ನು ದೋಚಿ ಓಡುತ್ತಿದ್ದ ಕಳ್ಳನನ್ನು ಪೀಟರನು ಬೇಕೆಂದೇ ಬಿಟ್ಟುಬಿಡುತ್ತಾನೆ. ಅದೇ ಕಳ್ಳನ ದೆಸೆಯಿಂದ ತನ್ನನ್ನು ಸಾಕಿ ಸಲಹಿದ ದೊಡ್ಡಪ್ಪನು ಮಡಿಯಲು, ಪೀಟರನು ಲೋಕರಕ್ಷಣೆಯ ವ್ರತವನ್ನು ಹಿಡಿಯುತ್ತಾನೆ. ಇದು ಪಶ್ಚಾತ್ತಾಪದಿಂದ ಹುಟ್ಟಿದ ವ್ರತವು. ಸಾಲಗಾರನು ಸಾಲವನ್ನು ತೀರಿಸುವಂತೆ ಅವನು ಅದನ್ನು ನಡೆಸುತ್ತಾನೆ.

ಎರಡನೆಯ ಚಿತ್ರವು ಆ ವ್ರತದ ಬೆಲೆಯೆಷ್ಟೆಂದು ವಿಚಾರಿಸುತ್ತದೆ. ಪೀಟರನಿಗೆ ಮನೆ ಬಾಡಿಗೆಗೆ ಹಣವಿಲ್ಲ. ವ್ಯಾಸಂಗವು ಹಿಂದೆ ಬಿದ್ದಿದೆ. ಒಲಿದ ಹುಡುಗಿಯು ದೂರವಾಗುತ್ತಿದ್ದಾಳೆ. ಪತ್ರಿಕೆಯು ಅವನನ್ನೇ ದುಷ್ಟನೆಂದು ಸಾರುತ್ತಿದೆ. ಕಡೆಗೆ ಬಲವೂ ಕೈಕೊಡಲು, ಅವನು ವೇಷವನ್ನು ಕಸದ ತೊಟ್ಟಿಗೆ ಎಸೆದು ನೆಮ್ಮದಿಯಿಂದಿರಲು ತೊಡಗುತ್ತಾನೆ. ಒಬ್ಬನಿಗೆ ಬಲವಿದೆಯೆಂದ ಮಾತ್ರಕ್ಕೆ ಅವನ ಬಾಳೆಲ್ಲವನ್ನೂ ಬೇಡುವ ಹಕ್ಕು ಲೋಕಕ್ಕುಂಟೆ? ಚಿತ್ರವು ಈ ಪ್ರಶ್ನೆಯನ್ನು ತಳ್ಳಿಹಾಕುವುದಿಲ್ಲ. ಉರಿಯುವ ಮನೆಯೊಂದಕ್ಕೆ ಪೀಟರನು ಬಲವಿಲ್ಲದೆಯೇ ನುಗ್ಗಿ ಮಗುವೊಂದನ್ನು ಉಳಿಸುತ್ತಾನೆ. ಆದರೆ ಮೇಲಿನ ಅಂತಸ್ತಿನಲ್ಲಿ ಮತ್ತೊಂದು ಜೀವವು ಹೋಯಿತೆಂದು ತಿಳಿಯುತ್ತದೆ. ಅವನು ವ್ರತವನ್ನು ಬಿಟ್ಟುದರ ಬೆಲೆಯನ್ನು ತೆತ್ತವರು ಬೇರೆಯವರು.

ಇದಕ್ಕಿಂತಲೂ ಮುಖ್ಯವಾದುದು ಅವನು ದೊಡ್ಡಮ್ಮನೆದುರು ತನ್ನ ಅಪರಾಧವನ್ನು ಒಪ್ಪಿಕೊಳ್ಳುವ ಪ್ರಸಂಗವು. ಅವಳು ಮೊದಲು ಮಾತಿಲ್ಲದೆ ಕೈಯನ್ನು ಹಿಂದೆಗೆದುಕೊಳ್ಳುತ್ತಾಳೆ. ಕೆಲವು ದಿನಗಳ ಮೇಲೆ ಕ್ಷಮಿಸುತ್ತಾಳೆ. ಅಲ್ಲಿಗೆ ಹಳೆಯ ಋಣವು ತೀರಿದಂತಾಯಿತು. ಆದರೂ ಪೀಟರನು ವ್ರತಕ್ಕೆ ಹಿಂದಿರುಗುತ್ತಾನೆ. ಋಣಕ್ಕಾಗಿ ಮಾಡುತ್ತಿದ್ದುದನ್ನು ಈಗ ಸ್ವಂತ ಇಚ್ಛೆಯಿಂದ ಮಾಡುತ್ತಾನೆ. ಆಗಲೇ ಅದು ಅವನ ಧರ್ಮವಾಗುತ್ತದೆ.

ಇನ್ನು ಲೋಕದ ಹಕ್ಕಿನ ಪ್ರಶ್ನೆ. ಅಂಕೆದಪ್ಪಿದ ರೈಲುಗಾಡಿಯನ್ನು ತಡೆದು ನಿಲ್ಲಿಸಿ ಪೀಟರನು ಮೂರ್ಛೆಹೋದಾಗ, ಅವನ ಮುಖಕ್ಕೆ ಮುಸುಕಿಲ್ಲ. ಪ್ರಯಾಣಿಕರು ಅವನನ್ನು ಎತ್ತಿ ಮಲಗಿಸಿ, ಅವನು ಇನ್ನೂ ಹುಡುಗನೆಂದು ಕಂಡು ಮರುಗಿ, ಗುಟ್ಟನ್ನು ಬಯಲುಮಾಡುವುದಿಲ್ಲವೆಂದು ಮಾತು ಕೊಡುತ್ತಾರೆ. ಸೇವೆಯನ್ನು ಪಡೆದವರಿಗೂ ಸೇವಕನ ವಿಷಯದಲ್ಲಿ ಕರ್ತವ್ಯವುಂಟೆಂಬುದನ್ನು ಈ ಪ್ರಸಂಗವು ಉಪದೇಶವಿಲ್ಲದೆ ತಿಳಿಸುತ್ತದೆ.

ಪೂರ್ವಭಾಗವಿಲ್ಲದೆ ಉತ್ತರಭಾಗಕ್ಕೆ ಅರ್ಥವಿಲ್ಲವೆಂಬುದು ನಿಜ. ಆದರೂ ವ್ರತವನ್ನು ಹಿಡಿದ ದಿನದ ಆವೇಶಕ್ಕಿಂತ, ಬಿಡಬಹುದಾದಾಗಲೂ ಬಿಡದಿರುವ ನಿಶ್ಚಯವು ಹಿರಿದು. ಎರಡನೆಯ ಚಿತ್ರದ ಹಿರಿಮೆಯು ಇಲ್ಲಿದೆ.