ಜ್ಞಾನಸಾಧನೆಯಲ್ಲಿ ವಿಶ್ವಾಸದ ಸ್ಥಾನ

ವಿದ್ವಾಂಸನು ಸ್ವತಃ ಕಂಡು ಪರೀಕ್ಷಿಸಿ ತಿಳಿದುದು ಅಲ್ಪ. ಅನ್ಯರನ್ನು ನಂಬಿ ತಿಳಿದುದೇ ಅಧಿಕ. ಪ್ರತಿ ಬರೆದ ಲಿಪಿಕಾರ, ಪಾಠ ಹೋಲಿಸಿದ ಪಂಡಿತ, ಹಸ್ತಪ್ರತಿಯನ್ನು ಕಾಯ್ದಿಟ್ಟ ಪಾಲಕ, ಇವರೆಲ್ಲರ ಪ್ರಾಮಾಣಿಕತೆಯ ಮೇಲೆ ಅವನ ಗ್ರಂಥ ನಿಂತಿರುತ್ತದೆ. ಹಾಗಾದರೆ ಈ ನಂಬಿಕೆ ಜ್ಞಾನಕ್ಕೆ ಆಧಾರವೋ ಅಥವಾ ಪರೀಕ್ಷೆಯನ್ನು ತಪ್ಪಿಸುವ ಆಲಸ್ಯವೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ವೀರಸೇನಾಚಾರ್ಯರು ಷಟ್ಖಂಡಾಗಮಕ್ಕೆ 9ನೆಯ ಶತಮಾನದಲ್ಲಿ ರಚಿಸಿದ ಧವಲಾ ಟೀಕೆಯ ವೃತ್ತಾಂತವನ್ನು ಇಲ್ಲಿ ನೆನೆಯಬಹುದು. ಅದರ ಹಳಗನ್ನಡ ಲಿಪಿಯ ತಾಡವಾಲೆಗಳು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಸುರಕ್ಷಿತವಾಗಿದ್ದವು. ಆದರೆ ಭಕ್ತರಿಗೆ ಅವು ದರ್ಶನಕ್ಕೆ ದೊರೆಯುತ್ತಿದ್ದವೇ ಹೊರತು ಅಧ್ಯಯನಕ್ಕಲ್ಲ. 19ನೆಯ ಶತಮಾನದ ಅಂತ್ಯದಲ್ಲಿ ಪ್ರತಿ ಮಾಡಿಸುವ ಕಾರ್ಯ ಆರಂಭವಾಯಿತು. ಆ ಪ್ರತಿಗಳು ಹೊರಗೆ ಹೋಗಬಾರದೆಂಬುದು ಪಾಲಕರ ಇಚ್ಛೆಯಾಗಿತ್ತು. ಆದರೂ ಒಂದು ಪ್ರತಿ ಗುಪ್ತವಾಗಿ ಸಹಾರನಪುರವನ್ನು ಸೇರಿತು; ಅಲ್ಲಿಂದ ಪ್ರತಿಯ ಪ್ರತಿಗಳು ಆರಾ, ಕಾರಂಜಾ, ಅಮರಾವತಿಗಳಿಗೆ ಹಬ್ಬಿದವು. ಇಂತಹ ಪ್ರತಿಗಳನ್ನು ಅವಲಂಬಿಸಿ ಪ್ರೊ. ಹೀರಾಲಾಲ್ ಜೈನರು 1939ರಲ್ಲಿ ಪ್ರಥಮ ಸಂಪುಟವನ್ನು ಪ್ರಕಟಿಸಿದರು. ಕನ್ನಡ ನಾಡಿನ ಡಾ. ಆ. ನೇ. ಉಪಾಧ್ಯೆಯವರೂ ಈ ಮಹಾಕಾರ್ಯಕ್ಕೆ ನೆರವಾದರು.

ವಿಶ್ವಾಸಭಂಗದಿಂದ ಗ್ರಂಥವೇನೋ ಹೊರಬಂದಿತು. ಶುದ್ಧಪಾಠ ಮಾತ್ರ ದೊರೆಯಲಿಲ್ಲ. ಪ್ರತಿಯಿಂದ ಪ್ರತಿಗೆ ಸಾಗುವಾಗ ಪದಗಳು ಲುಪ್ತವಾಗಿದ್ದವು. ಮೊದಲ ಖಂಡದ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಪದ ಬಿಟ್ಟುಹೋದಂತೆ ತೋರುತ್ತದೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಸೂತ್ರವು ಸ್ತ್ರೀಯರ ಗುಣಸ್ಥಾನಗಳಿಗೆ ಸಂಬಂಧಿಸಿದ್ದರಿಂದ ಪಂಡಿತರಲ್ಲಿ ತೀವ್ರ ವಿವಾದವೆದ್ದಿತು. ಅದನ್ನು ತೀರ್ಮಾನಿಸಲು ಮೂಲವನ್ನೇ ನೋಡಬೇಕಿತ್ತು. ಸಂಪುಟಗಳು ಬರತೊಡಗಿದ ಬಳಿಕ ಮೂಡುಬಿದಿರೆಯ ಪಾಲಕರು ತಾಡವಾಲೆಗಳೊಡನೆ ಪಾಠವನ್ನು ಹೋಲಿಸಲು ಅವಕಾಶವಿತ್ತರು. ಮೂಲದಲ್ಲಿ ಆ ಪದವಿತ್ತು! ಎರಡು ದಶಕಗಳ ಪರಿಶ್ರಮದಿಂದ 16 ಸಂಪುಟಗಳು ಪೂರ್ಣಗೊಂಡವು.

ಗುಪ್ತವಾಗಿ ಪ್ರತಿಯನ್ನು ಕೊಂಡೊಯ್ದವನು ಲೋಕಕ್ಕೆ ಉಪಕಾರ ಮಾಡಿದನೆಂದು ವಾದಿಸಬಹುದು. ಆ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಕದ್ದು ತಂದ ಪಾಠದಲ್ಲಿ ಸಂಶಯ ಬಂದಾಗ ಮರಳಿ ಮೂಲದ ಬಾಗಿಲು ತಟ್ಟುವ ಅಧಿಕಾರ ಉಳಿಯದು. ಹಾಗೆಯೇ ಬಾಗಿಲನ್ನು ಸದಾ ಮುಚ್ಚಿಡುವ ಪಾಲಕನು ತಪ್ಪು ಪಾಠ ಬೆಳೆಯಲು ತಾನೂ ಕಾರಣನಾಗುತ್ತಾನೆ. ಸಂಪಾದಕರು ತಮ್ಮ ಊಹೆಯನ್ನು ಸೂತ್ರದೊಳಗೆ ಸೇರಿಸದೆ, ಊಹೆಯೆಂದೇ ಕೆಳಗೆ ಬರೆದರು. ಇಂತಹ ಸಂಯಮವುಳ್ಳವರಿಗೆ ಬಾಗಿಲು ತೆರೆಯುವುದು ಧರ್ಮ. ತೆರೆದ ಬಾಗಿಲಿನೊಳಗೆ ಹೋಗಿ ಪರೀಕ್ಷಿಸುವುದು ವಿದ್ವಾಂಸನ ಧರ್ಮ. ಪರೀಕ್ಷೆಗೆ ಎಡೆಗೊಡುವ ವಿಶ್ವಾಸವೇ ಜ್ಞಾನಕ್ಕೆ ಆಧಾರ.